ಶಾಲೆ ಬಿಟ್ಟ ಮೇಲಿನ ಎರಡು ಗಂಟೆ

ಮಂಡಿ ಮೊಹಲ್ಲಾದ ಅಕ್ಬರ್ ರಸ್ತೆಗೆ ಬಂದು ಸೇರುವ ಗಲ್ಲಿಯೊಂದರ ಮಹಡಿ ಮನೆಗೆ 2025ರ ಮೇ ತಿಂಗಳ ಎರಡನೇ ವಾರ ಒಂದು ಫೋನ್ ಬಂತು. ಮನೆಯೊಡತಿ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದಳು. ಕೈತುಂಬ ಹಿಟ್ಟು. ಮಗಳೇ ಫೋನ್ ತಂದು ಅಮ್ಮನ ಕಿವಿಗೆ ಹಿಡಿದಳು. ಕುವೆಂಪುನಗರದ ಶಾಲೆಯೊಂದರ ಹಳೆಯ ಮುಖ್ಯೋಪಾಧ್ಯಾಯಿನಿ ಮಾತಾಡುತ್ತಿದ್ದರು. ಗಣಿತದ ಜಾಗ ಖಾಲಿಯಾಗಿದೆ. ಆರರಿಂದ ಎಂಟನೇ ತರಗತಿ. ಅರ್ಧ ದಿನದ್ದಲ್ಲ, ಪೂರ್ತಿ ಕೆಲಸ. "ಇಪ್ಪತ್ತನೇ ತಾರೀಖಿನೊಳಗೆ ಹೇಳಿಬಿಡಮ್ಮ. ಆಮೇಲೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಆ ದಿನದ ಸಂಡಿಗೆಗಳು ಒಂದು ರೂಪಾಯಿ ಅಗಲದ್ದೊಂದು, ಅಂಗೈಯಗಲದ್ದೊಂದು ಆದವು ಎಂದು ಅತ್ತೆ ಇಂದಿಗೂ ನಗುತ್ತಾರೆ.

ಆಕೆ ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಮೊದಲು ಸೇರಿದಾಗ, 2014ರಲ್ಲಿ, ಮಗಳಿಗೆ ಎರಡೇ ವರ್ಷ. ಅಷ್ಟು ಚಿಕ್ಕ ಮಗುವನ್ನು ಬಿಟ್ಟು ಹೋಗುತ್ತೀಯಾ ಎಂದು ಆಗ ಯಾರೂ ಕೇಳಲಿಲ್ಲ. ಏಕೆಂದರೆ ಮಗುವನ್ನು ನೋಡಿಕೊಳ್ಳಲು ಆಕೆಯ ತಾಯಿ ಇದ್ದರು. ಈಗ ಅವರಿಲ್ಲ. 2020ರ ಆಗಸ್ಟ್‌ನಲ್ಲಿ ಮಗ ಹುಟ್ಟಿದಾಗ 26 ವಾರಗಳ ರಜೆ ಸಿಕ್ಕಿತು. ಹೆರಿಗೆ ಸೌಲಭ್ಯ ಕಾಯ್ದೆಯ 12 ವಾರ 26 ಆದದ್ದು 2017ರಲ್ಲಿ. ರಜೆ ಮುಗಿದಾಗಲೂ ಪಾಠವೆಲ್ಲ ಫೋನಿನಲ್ಲೇ. ತೊಡೆಯ ಮೇಲೆ ಕೂಸು, ಎದುರಿಗೆ ಬೀಜಗಣಿತ. ಸಂಬಳ ಅರ್ಧಕ್ಕಿಳಿಯಿತು. ಎರಡನೇ ಅಲೆಯಲ್ಲಿ ಮನೆಮಂದಿಯೆಲ್ಲ ಮಲಗಿ ಎದ್ದ ಮೇಲೆ, 2021ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟಳು. ಅದೇ ತಿಂಗಳು ಇನ್ನೊಂದು ಸುದ್ದಿ ಬಂದಿತ್ತು. ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರಕ್ಕಿದ್ದ ಏಳು ವರ್ಷಗಳ ಮಿತಿ ತೆಗೆದು ಜೀವನಪೂರ್ತಿ ಮಾನ್ಯ ಮಾಡಿದರು, 2011ರಿಂದಲೇ ಅನ್ವಯವಾಗುವಂತೆ. 2014ರಲ್ಲಿ ಪಾಸಾಗಿದ್ದ ಆಕೆಯ ಪ್ರಮಾಣಪತ್ರ ಹೀಗೆ ಕಸವಾಗದೆ ಉಳಿಯಿತು. ಅದನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಇಟ್ಟಳು.

ಆಮೇಲೆ ಮನೆಯಲ್ಲೇ ಟ್ಯೂಷನ್. ಸಂಜೆ ಐದೂವರೆಯಿಂದ ಏಳರವರೆಗೆ ಗಲ್ಲಿಯ ಹತ್ತು-ಹನ್ನೆರಡು ಮಕ್ಕಳು ಚಾಪೆಯ ಮೇಲೆ ಕೂರುತ್ತಿದ್ದವು. ದುಡಿಯದೆ ಕೂತವಳಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೂ ನೆಂಟರು ಬಂದರೆ "ಮನೇಲೇ ಇದೀಯಲ್ಲ" ಎನ್ನುತ್ತಿದ್ದರು!

ಸುದ್ದಿ ಗಲ್ಲಿಗೆ ಹಬ್ಬಲು ಒಂದು ದಿನ ಸಾಕಾಯಿತು. ಕೆಳಮನೆಯ ಅಜ್ಜಿ, "ಮಗು ಒಂದನೇ ಕ್ಲಾಸಿಗೆ ಹೋಗಲಿ ಬಿಡು, ಆಮೇಲೆ ನೋಡುವಿಯಂತೆ" ಎಂದರು. ಕೇಳಲು ಸರಿಯಾದ ಮಾತು. ಆದರೆ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಿದೆ. 2025ರಲ್ಲಿ ಆ ಒಂದು ವರ್ಷಕ್ಕೆಂದು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಹುಡುಗನಿಗೆ ಆಗ ಅಷ್ಟೂ ಆಗಿರಲಿಲ್ಲ. ಮುಂದಿನ ಜೂನ್‌ಗೆ ಆರು ತುಂಬಲು ಎರಡು ತಿಂಗಳು ಕಡಿಮೆ. ಆ ಲೆಕ್ಕ ಹಿಡಿದರೆ ಕಾಯಬೇಕಾದದ್ದು 2027ರವರೆಗೆ. ಅಷ್ಟು ಹೊತ್ತಿಗೆ ಮಗಳು ಹತ್ತನೇ ತರಗತಿಯಲ್ಲಿರುತ್ತಾಳೆ. ಆಗ ಇದೇ ಅಜ್ಜಿ, "ಮಗಳ ಎಸ್ಸೆಸ್ಸೆಲ್ಸಿ ಮುಗೀಲಿ ಬಿಡು" ಎನ್ನದೆ ಇರುತ್ತಾರೆಯೆ? ಪಿಯುಸಿ, ಸಿಇಟಿಗಳು ಸಾಲಾಗಿ ಹಿಂದೆ ನಿಂತೇ ಇವೆ.

ಎದುರು ಮನೆಯಾಕೆ ಅಗರಬತ್ತಿ ಹೊಸೆಯುವವಳು. ಮೈಸೂರಿನ ಅಗರಬತ್ತಿಗೆ ದೊಡ್ಡ ಹೆಸರಿದೆ, ಹೊಸೆಯುವ ಕೈಗೆ ರಜೆಯಿಲ್ಲ. ಹೆರಿಗೆಯಾಗಿ ನಲವತ್ತು ದಿನಕ್ಕೆ ಮಣೆ ಮುಂದೆ ಕೂತವಳು ಆಕೆ. ಮಗು ಪಕ್ಕದಲ್ಲಿ ಜೋಳಿಗೆಯಲ್ಲಿ. "ಯಾವಾಗ ಅಂತ ಕೇಳೋರು ಇದ್ದಾರಲ್ಲ ಅಕ್ಕಾ ನಿಮಗೆ" ಎಂದು ನಕ್ಕಳು. ಆ ನಗುವಿಗೆ ಮೇಡಂ ಬಳಿ ಉತ್ತರವಿರಲಿಲ್ಲ.

ಗಂಡ ಅಶೋಕ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ರಾತ್ರಿ ಊಟವಾದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. ಸಂಬಳ 18,000. ಟ್ಯೂಷನ್ ನಿಂತರೆ ನಷ್ಟ 6,000. ಮಗುವನ್ನು ನೋಡಿಕೊಳ್ಳುವ ಹೆಂಗಸಿಗೆ 5,000. ಬಸ್ಸಿಗೆ ಸೊನ್ನೆ, 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ. ಉಳಿದದ್ದು 7,000. "ಏಳು ಸಾವಿರಕ್ಕೆ ಇಷ್ಟೆಲ್ಲ ಓಡಾಟ ಬೇಕಾ?" ಎಂದರು. ಕೊಂಕಿನಿಂದಲ್ಲ, ನಿಜವಾಗಿಯೇ ಕೇಳಿದರು.

ಗಣಿತದ ಮೇಡಂ ಅಲ್ಲವೆ, ಆಕೆ ಕಾಗದ ಎಳೆದುಕೊಂಡಳು. "ರೀ, ಮಗು ನೋಡ್ಕೊಳ್ಳೋ ಖರ್ಚು ನನ್ನ ಸಂಬಳದಲ್ಲೇ ಯಾಕೆ ಕಳೆದ್ರಿ? ನಿಮ್ಮದರಲ್ಲೂ ಅರ್ಧ ಕಳೀರಿ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವರಿಗೆ ಈ ಬಾಬ್ತು ಹೊಳೆದಿರಲಿಲ್ಲ. ಆಕೆ ಇನ್ನೊಂದು ಸಾಲು ಸೇರಿಸಿದಳು. ಭವಿಷ್ಯ ನಿಧಿಯ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಆಕೆಯದು ಏಳು ಆಗಿದೆ. ಕೆಲಸ ಬಿಟ್ಟಾಗ ಆ ಹಣ ತೆಗೆದು ಸ್ಕೂಟರ್ ಕೊಳ್ಳಿ ಎಂದು ಮೈದುನ ಹೇಳಿದ್ದ. ಆಕೆ ತೆಗೆದಿರಲಿಲ್ಲ. ಇನ್ನು ಮೂರು ವರ್ಷ ದುಡಿದರೆ ಮುಪ್ಪಿನಲ್ಲಿ ತನ್ನದು ಎಂಬ ನಾಲ್ಕು ಕಾಸು.

ಹಾಗಾದರೆ ತೊಡಕೆಲ್ಲಿ? ಲೆಕ್ಕ ಹಾಕುತ್ತ ಹೋದಂತೆ ಅದು ಮಗನ ವಯಸ್ಸಿನಲ್ಲಿಲ್ಲ, ಗಡಿಯಾರದಲ್ಲಿದೆ ಎಂದು ಕಂಡಿತು. ಹುಡುಗನ ಯುಕೆಜಿ ಬಿಡುವುದು ಮೂರೂಕಾಲಿಗೆ. ಅಮ್ಮ ಕುವೆಂಪುನಗರದಿಂದ ಸಿಟಿ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ನಡೆದು ಮನೆ ಮುಟ್ಟುವುದು ಐದೂಕಾಲಿಗೆ. ನಡುವಿನ ಎರಡು ಗಂಟೆ ಯಾರದು? ಈಕೆ ಹೋಗುವ ಶಾಲೆಯಲ್ಲಿ ಐದನೆಯದಕ್ಕಿಂತ ಕೆಳಗಿನ ತರಗತಿ ಇಲ್ಲ. 2017ರ ತಿದ್ದುಪಡಿ ಶಿಶುಪಾಲನಾ ಕೇಂದ್ರ ಇರಲೇಬೇಕೆಂದದ್ದು 50 ಜನ ಕೆಲಸಗಾರರಿರುವ ಕಡೆ. ಇಲ್ಲಿ ಅಷ್ಟು ಜನರಿಲ್ಲ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾದದ್ದು ಇದೇ ಜಿಲ್ಲೆಯ ತಿ. ನರಸೀಪುರದಲ್ಲಿ, 1975ರ ಅಕ್ಟೋಬರ್ 2ರಂದು. ಐವತ್ತು ವರ್ಷ ಕಳೆದರೂ ಸಂಜೆ ಐದೂವರೆವರೆಗೆ ಮಗುವನ್ನು ನಂಬಿ ಬಿಡಬಹುದಾದ ಒಂದು ಜಾಗ ಈ ಗಲ್ಲಿಯ ಸುತ್ತ ಆಕೆಗೆ ಸಿಗಲಿಲ್ಲ.

ಅತ್ತೆ, "ನಾನಿದೀನಲ್ಲಮ್ಮ, ಹೋಗು" ಎಂದರು. ಅರವತ್ತೆಂಟು ವರ್ಷ, ಎರಡೂ ಮಂಡಿ ನೋವು. ಮಹಡಿಗೆ ಹತ್ತೊಂಬತ್ತು ಮೆಟ್ಟಿಲು. ಹುಡುಗನೋ ಒಂದು ಕಡೆ ನಿಲ್ಲುವವನಲ್ಲ. ಆಗ ಮಗಳು ಮುಂದೆ ಬಂದಳು. "ನಾನು ನಾಲ್ಕೂಕಾಲಿಗೆ ಬಂದುಬಿಡ್ತೀನಮ್ಮ. ಅವನನ್ನ ನಾನೇ ನೋಡ್ಕೋತೀನಿ." ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಎಂಥ ಜಾಣ ಹುಡುಗಿ ಎಂದು ಅಪ್ಪ ತಲೆ ಸವರಿದರು.

ಅಮ್ಮನಿಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಟ್ಯೂಷನ್ನಿಗೆ ಬರುತ್ತಿದ್ದ ಒಬ್ಬ ಹುಡುಗಿ ನೆನಪಾದಳು. ಭಿನ್ನರಾಶಿಯನ್ನು ಬಾಯಲ್ಲೇ ಬಿಡಿಸುತ್ತಿದ್ದವಳು. ತಾಯಿ ಕೆಲಸಕ್ಕೆ ಸೇರಿದ ಮೇಲೆ ದಿನವೂ ತಡ. ಸೊಂಟದ ಮೇಲೆ ತಮ್ಮ. ಅರ್ಧ ಲೆಕ್ಕಕ್ಕೆ ಎದ್ದು ಅವನ ಮೂಗು ಒರೆಸಬೇಕು. ವರ್ಷದ ಕೊನೆಗೆ ಅಂಕ ಇಳಿದಾಗ "ಇವಳಿಗೆ ಓದಿನ ಕಡೆ ಗಮನವೇ ಇಲ್ಲ" ಎಂದು ಅವರಪ್ಪ ಬೈದರು. ಆ ಮನೆಯಲ್ಲಿ ಒಬ್ಬ ತಾಯಿ ಕೆಲಸಕ್ಕೆ ಹೋದಳು, ಹದಿಮೂರು ವರ್ಷದ ಇನ್ನೊಬ್ಬ ತಾಯಿ ಮನೆಯಲ್ಲಿ ಕೂತಳು. ಹೆಣ್ಣುಮಕ್ಕಳ ಜಾಣತನವನ್ನು ಹೊಗಳುವಾಗ ನಾವು ಎಷ್ಟೋ ಸಲ ಅವರ ಹೊತ್ತನ್ನು ಕೇಳದೆಯೇ ತೆಗೆದುಕೊಂಡಿರುತ್ತೇವೆ.

ಬೆಳಿಗ್ಗೆ ಕಾಫಿ ಕೊಡುವಾಗ ಗಂಡನಿಗೆ ಹೇಳಿದಳು: "ನಾನು ಹೋಗೋದಾದ್ರೆ ಅವಳ ಎಂಟನೇ ಕ್ಲಾಸಿನ ಮೇಲೆ ಹೋಗಲ್ಲ ರೀ."

ಅವರು ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ತಾವೇ ಬಾಯಿಬಿಟ್ಟರು. ಅಂಗಡಿಯಲ್ಲಿ ಮೂರರಿಂದ ನಾಲ್ಕೂವರೆಯವರೆಗೆ ಗಿರಾಕಿ ಕಡಿಮೆ. ಒಂದು ಗಂಟೆಗೆ ಮಾಡುವ ಊಟವನ್ನು ಮೂರಕ್ಕೆ ಮುಂದೂಡಿದರೆ ಹುಡುಗನನ್ನು ಶಾಲೆಯಿಂದ ಕರೆತಂದು, ಜೊತೆಗೆ ಉಂಡು, ಮಲಗಿಸಿ ಬರಬಹುದು. ಯಜಮಾನರನ್ನು ಕೇಳಲು ಸಂಕೋಚವಾಗಿತ್ತಂತೆ. ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ, ಮಗು ಕರೆತರಬೇಕು ಎಂದು ಗಂಡಸು ಕೇಳುವುದು ಹೇಗೆ? ಕೊನೆಗೆ ಕೇಳಿದರು. ಯಜಮಾನರು, "ನನ್ನ ಸೊಸೇನೂ ಬ್ಯಾಂಕಿಗೆ ಹೋಗ್ತಾಳಪ್ಪ" ಎಂದಷ್ಟೇ ಹೇಳಿ ಬಿಲ್ ಪುಸ್ತಕಕ್ಕೆ ಕೈಹಾಕಿದರು. ನಾಲ್ಕೂವರೆಯಿಂದ ಐದೂಕಾಲು ಅತ್ತೆಯದು. ಮೆಟ್ಟಿಲ ಬಾಗಿಲಿಗೆ ಮೇಲಿನ ಚಿಲಕ ಹಾಕಿಸಿದ್ದಾಯಿತು. ನೋಡಿಕೊಳ್ಳಲು ಹೆಂಗಸನ್ನು ಗೊತ್ತುಮಾಡುವ ಮಾತು ಅಲ್ಲಿಗೇ ನಿಂತಿತು. ಟ್ಯೂಷನ್ ಭಾನುವಾರ ಬೆಳಿಗ್ಗೆಗೆ ಹೋಯಿತು, ಐದು ಮಕ್ಕಳಿಗೆ ಮಾತ್ರ.

ಹತ್ತೊಂಬತ್ತನೇ ತಾರೀಖು ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ, ಬರುತ್ತೇನೆ, ಕೊನೆಯ ಪೀರಿಯಡ್ ಬಿಡುವು ಸಿಗುತ್ತದೆಯೆ ಎಂದು ಕೇಳಿದಳು. ದಿನವೂ ಆಗದು, ವಾರಕ್ಕೆರಡು ದಿನ ನೋಡೋಣ ಎಂಬ ಉತ್ತರ ಬಂತು.

ಜೂನ್ ಮೊದಲ ವಾರ ಸುಲಭವಾಗಿರಲಿಲ್ಲ. ಮಳೆಯಲ್ಲಿ ಬಸ್ ತಡ. ಚಪ್ಪಲಿಯ ಪಟ್ಟಿ ಕಿತ್ತಿತು. ನಾಲ್ಕು ವರ್ಷದಲ್ಲಿ ಪಠ್ಯ ಹಿಡಿತ ತಪ್ಪಿತ್ತು. ರಾತ್ರಿ ಹತ್ತರ ಮೇಲೆ ಕೂತು ಪಾಠ ಬರೆದುಕೊಳ್ಳಬೇಕು. ಗುರುವಾರ ಹುಡುಗ ಆಟದಲ್ಲಿ ಮೊಣಕೈ ತರಚಿಕೊಂಡು ಬಂದವನು ಅಮ್ಮ ಮನೆಗೆ ಬಂದರೂ ಅಜ್ಜಿಯ ಸೆರಗು ಬಿಡಲಿಲ್ಲ. ಆಕೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ತೊಳೆದಳು.

ಶುಕ್ರವಾರ ರಾತ್ರಿ ಚಪಾತಿ ಲಟ್ಟಿಸುವಾಗ ಮಗಳು ಪಕ್ಕದಲ್ಲಿ ಬಂದು ನಿಂತಳು.

"ಅಮ್ಮಾ, ಶಾಲೇಲಿ ಥ್ರೋಬಾಲ್ ಟೀಮಿಗೆ ಸೇರಿಸ್ಕೋತಿದಾರೆ. ಪ್ರಾಕ್ಟೀಸ್ ಮುಗಿಯೋದು ಐದೂವರೆಗೆ. ನಿನಗಿಂತ ಲೇಟಾಗುತ್ತೆ."

"ಸೇರ್ಕೋ" ಎಂದಳು ಅಮ್ಮ, ಚಪಾತಿ ಮಗುಚುತ್ತ. "ಬೂಟ್ಸು ಹಳೇದಾಗಿದೆ. ನಾಳೆ ದೇವರಾಜ ಮಾರುಕಟ್ಟೆ ಕಡೆ ಹೋದಾಗ ನೋಡೋಣ."