ಯುಯೆಂಡುಮುವಿನ ಆಡಳಿತ

ಊರನ್ನು ಆಳುವವರು ಯಾರು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಒಂದೇ ಉತ್ತರವಿರುತ್ತದೆ. ಆಸ್ಟ್ರೇಲಿಯಾದ ಯುಯೆಂಡುಮುವಿನಲ್ಲಿ ಎರಡು ಉತ್ತರಗಳುಂಟು. ನಾನು ಆ ನೆಲವನ್ನು ಕಣ್ಣಾರೆ ಕಂಡವನಲ್ಲ; ವಾರ್ಲ್‌ಪಿರಿ ಭಾಷೆಯ ವ್ಯಾಕರಣವಿಚಾರವನ್ನು ಓದತೊಡಗಿ, ಅದನ್ನಾಡುವ ಮೂಲನಿವಾಸಿಗಳ ಊರಬಾಗಿಲಿಗೆ ಬಂದು ನಿಂತವನು. ಆ ಭಾಷೆಯಲ್ಲಿ ಪದಗಳನ್ನು ಹೇಗೆ ಹಿಂದುಮುಂದಾಗಿ ಇರಿಸಿದರೂ ಕರ್ತೃವಾರು, ಕರ್ಮವಾವುದು ಎಂಬುದನ್ನು ವಿಭಕ್ತಿಯೇ ತಿಳಿಸುತ್ತದೆ. ಶಬ್ದಮಣಿದರ್ಪಣವನ್ನು ಬಾಯಿಪಾಠ ಮಾಡಿದವನಿಗೆ ಇದರಿಂದ ಹರ್ಷವಾದುದರಲ್ಲಿ ಆಶ್ಚರ್ಯವೇನು?

ಆಲಿಸ್ ಸ್ಪ್ರಿಂಗ್ಸ್ ನಗರದಿಂದ ವಾಯವ್ಯಕ್ಕೆ ಸುಮಾರು 300 ಕಿಲೋಮೀಟರು ದೂರದಲ್ಲಿ, ತನಮಿ ಮರುಭೂಮಿಯ ಅಂಚಿನಲ್ಲಿ ಈ ಊರಿದೆ. ಜನಸಂಖ್ಯೆ ಏಳೆಂಟುನೂರು. 1946ರಲ್ಲಿ ಸರಕಾರವು ಪಡಿ ಹಂಚುವುದಕ್ಕಾಗಿ ಕಟ್ಟಿದ ನೆಲೆಯಿದು. ಆದರೆ ಜನರ ಕಟ್ಟಳೆ ಅದಕ್ಕಿಂತ ಬಹು ಹಳೆಯದು.

ಆ ಕಟ್ಟಳೆಯಲ್ಲಿ ಪ್ರತಿಯೊಂದು ಸ್ಥಳಕ್ಕೂ ಇಬ್ಬಗೆಯ ಹೊಣೆಗಾರರು. ತಂದೆಯ ಕಡೆಯಿಂದ ಹಕ್ಕು ಪಡೆದವರು 'ಕಿರ್ದ', ತಾಯಿಯ ಕಡೆಯಿಂದ ಪಡೆದವರು 'ಕುರ್ದುಂಗುರ್ಲು'. ಕಿರ್ದರು ತಮ್ಮ ಸ್ಥಳದ ಕಥೆಯನ್ನು ಕುಣಿದು ಹಾಡಿ ಮೆರೆಸುವರು. ಕುರ್ದುಂಗುರ್ಲುಗಳು ಸಿದ್ಧತೆ ನಡೆಸಿ, ಎಲ್ಲವೂ ಕ್ರಮದಂತೆ ನಡೆಯಿತೇ ಎಂದು ಕಾಯುವರು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಹೆಜ್ಜೆಯಿಡುವಂತಿಲ್ಲ. ಒಂದು ಸ್ಥಳದ ಒಡೆಯನೇ ಮತ್ತೊಂದು ಸ್ಥಳದ ಕಾವಲುಗಾರ. ಒಡೆತನಕ್ಕೂ ಮೇಲ್ವಿಚಾರಣೆಗೂ ಹೀಗೆ ಗಂಟುಹಾಕಿದ ಜಾಣ್ಮೆ ದೊಡ್ಡ ಸಂವಿಧಾನಕಾರರಿಗೂ ಮೆಚ್ಚಿಗೆಯಾಗತಕ್ಕುದು.

1976ರ ಭೂಹಕ್ಕು ಕಾಯಿದೆಯಿಂದ ನೆಲವು ಮಾರಲಾಗದ ಒಡೆತನವಾಗಿ ಮೂಲನಿವಾಸಿಗಳ ನ್ಯಾಸಕ್ಕೆ ಸೇರಿತು. ಊರಿಗೆ ತನ್ನದೇ ಆದ ಸಭೆಯೂ ಇದ್ದಿತು. 2007ರಲ್ಲಿ ಕೇಂದ್ರಸರಕಾರವು ತುರ್ತುಕ್ರಮವೆಂಬ ಹೆಸರಿನಲ್ಲಿ ಕೈಹಾಕಿ, ಊರ ನೆಲವನ್ನು ಐದು ವರ್ಷಗಳ ಗೇಣಿಗೆ ತಾನೇ ತೆಗೆದುಕೊಂಡಿತು. ಜನರಿಗೆ ಬರುವ ಸಹಾಯಧನದ ಅರ್ಧವನ್ನು ಹೇಗೆ ವೆಚ್ಚ ಮಾಡಬೇಕೆಂಬುದನ್ನೂ ತಾನೇ ವಿಧಿಸಿತು. ಮರುವರ್ಷ ಊರಸಭೆಯು ದೊಡ್ಡ ಪ್ರಾದೇಶಿಕ ಮಂಡಳಿಯಲ್ಲಿ ಕರಗಿಹೋಯಿತು. ಅದರ ಕಚೇರಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ! ಊರಿನಲ್ಲಿ ಇಂದು ಉಳಿದಿರುವುದು ಬಹುಮಟ್ಟಿಗೆ ಸಲಹೆ ನೀಡುವ ಸಮಿತಿ. ದೂರಕ್ಕೆ ಒಯ್ದ ಆಡಳಿತವು ದಕ್ಷವಾಗುವುದೆಂಬ ವಾದ ನನ್ನ ಮನಸ್ಸಿಗೆ ಎಂದೂ ಒಗ್ಗಿಲ್ಲ.

ಅಧ್ಯಾಪಕನಾದ ನನ್ನನ್ನು ಹೆಚ್ಚು ಕಾಡಿದುದು ಶಾಲೆಯ ಕಥೆ. 1974ರಿಂದ ಅಲ್ಲಿ ಮಕ್ಕಳು ವಾರ್ಲ್‌ಪಿರಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಕಲಿಯುತ್ತಿದ್ದರು. 2008ರಲ್ಲಿ ಪ್ರಾಂತಸರಕಾರವು ದಿನದ ಮೊದಲ ನಾಲ್ಕು ಗಂಟೆ ಪಾಠವೆಲ್ಲ ಇಂಗ್ಲಿಷಿನಲ್ಲಿಯೇ ಆಗತಕ್ಕದ್ದೆಂದು ಆಜ್ಞೆ ಮಾಡಿತು. ತಾಯ್ನುಡಿಗೆ ಉಳಿದುದು ಮಧ್ಯಾಹ್ನದ ಬಿಸಿಲು, ಮಕ್ಕಳ ತೂಕಡಿಕೆ. ವಾರ್ಲ್‌ಪಿರಿ ಅಧ್ಯಾಪಿಕೆಯರು ಸುಮ್ಮನಿರಲಿಲ್ಲ. ಮುಂದೆ ಆ ಆಜ್ಞೆ ಸಡಿಲವಾಯಿತು, ದ್ವಿಭಾಷಾಶಿಕ್ಷಣ ಉಳಿಯಿತು.

ಅದಕ್ಕೆ ಆಸರೆಯಾದುದು ಯಾವುದು? ದಾನಿಗಳಾದ ಓದುಗರು ಇಲ್ಲಿ ಅರೆಗಳಿಗೆ ನಿಲ್ಲಬೇಕೆಂದು ಬಿನ್ನಹ. ತನಮಿಯಲ್ಲಿ ಚಿನ್ನದ ಗಣಿಯುಂಟು; ನೆಲದ ಒಡೆಯರಿಗೆ ಅದರಿಂದ ರಾಜಧನ ಬರುತ್ತದೆ. ಆ ಹಣದಲ್ಲಿ ಒಂದು ಪಾಲನ್ನು ತಮ್ಮ ನಾಲ್ಕು ಊರುಗಳ ಮಕ್ಕಳ ವಿದ್ಯೆಗೆಂದು ತೆಗೆದಿರಿಸಿ, 2005ರಲ್ಲಿ ವಾರ್ಲ್‌ಪಿರಿ ಶಿಕ್ಷಣ ಮತ್ತು ತರಬೇತಿ ನ್ಯಾಸವನ್ನು ಸ್ಥಾಪಿಸಿದರು. ಕೈಗೆ ಬಂದ ಹಣವನ್ನು ಹಂಚಿಕೊಂಡು ವಾಹನ ಕೊಳ್ಳಬಹುದಾಗಿದ್ದ ಜನ ತಮ್ಮ ನುಡಿಯ ಪುಸ್ತಕಗಳಿಗೂ, ಹಿರಿಯರೊಡನೆ ಮಕ್ಕಳನ್ನು ಪೂರ್ವಿಕರ ನೆಲೆಗಳಿಗೆ ಕರೆದೊಯ್ಯುವ ಪ್ರವಾಸಗಳಿಗೂ ಅದನ್ನು ವಿನಿಯೋಗಿಸುತ್ತಿದ್ದಾರೆ.

ಆ ಶಾಲೆಯ ಬಾಗಿಲುಗಳ ವಿಷಯವನ್ನೂ ಹೇಳಬೇಕು. 1984ರ ಸುಮಾರಿಗೆ ಐವರು ಹಿರಿಯರು 30 ಬಾಗಿಲುಗಳ ಮೇಲೆ ತಮ್ಮ ನೆಲದ ಕಥೆಗಳನ್ನು ಬಣ್ಣದಲ್ಲಿ ಬರೆದರು, ಮಕ್ಕಳು ನಿತ್ಯವೂ ಅವುಗಳನ್ನು ಹಾದು ಒಳಹೋಗಲೆಂದು. ಆ ಹಿರಿಯರ ಹೆಸರುಗಳನ್ನು ನಾನು ಬರೆದಿಲ್ಲ; ಮಡಿದವರ ಹೆಸರನ್ನು ಉಚ್ಚರಿಸದಿರುವುದು ಅವರಲ್ಲಿ ನಡೆದುಬಂದ ಮರ್ಯಾದೆ. ಹನ್ನೊಂದು ವರ್ಷ ಮಕ್ಕಳ ಕೈಯಲ್ಲಿ ಗೀಚಿಸಿಕೊಂಡು ಬಿಸಿಲಿಗೆ ಬಾಡಿದ ಆ ಬಾಗಿಲುಗಳು 1995ರಲ್ಲಿ ಅಡಿಲೇಡಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಮಕ್ಕಳ ಗೀಚುಗಳೂ ಅವುಗಳ ಮೇಲೆ ಇದ್ದೇ ಇವೆಯಂತೆ.