ಅಪ್ಪ-ಅಮ್ಮ ಊರಲ್ಲಿಲ್ಲದ ಚಳಿಗಾಲ

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ದಾಟಿ ತಮಿಳುನಾಡಿನ ಹಾಸನೂರಿನತ್ತ ಸಾಗುವ ದಾರಿಯಲ್ಲಿ ಒಡೆಯರಪಾಳ್ಯ ಸಿಗುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು, ಅವುಗಳಾಚೆ ಬೌದ್ಧ ಮಠ. 1970ರ ದಶಕದಲ್ಲಿ ಇಲ್ಲಿ ನೆಲೆ ಕಂಡ ಟಿಬೆಟಿಯನ್ನರು ತಮ್ಮ ವಸತಿಗೆ ಇಟ್ಟುಕೊಂಡ ಹೆಸರು ಧೊಂಡೆನ್‌ಲಿಂಗ್. ಮಳೆಗಾಲದಲ್ಲಿ ಬೇಸಾಯ. ದಸರೆ ಮುಗಿಯಿತೆಂದರೆ ಅನೇಕರು ಸ್ವೆಟರ್ ವ್ಯಾಪಾರಕ್ಕೆಂದು ದೂರದ ನಗರಗಳಿಗೆ ಹೊರಡುತ್ತಾರೆ. ಮರಳುವುದು ಸಂಕ್ರಾಂತಿಯ ಆಸುಪಾಸಿಗೆ. ಅಲ್ಲಿಯವರೆಗೆ ಅಂಥ ಮನೆಗಳಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ಶಾಲೆಗೆ ಹೋಗುವ ಮಕ್ಕಳು.

ಅದೇ ಹನೂರು ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲೂ ಚಿತ್ರ ಹೆಚ್ಚು ಭಿನ್ನವಲ್ಲ. ಮಳೆಯನ್ನೇ ನಂಬಿದ ರಾಗಿಯ ಒಕ್ಕಣೆ ಮುಗಿದರೆ ಊರಲ್ಲಿ ಕೂಲಿ ಇಲ್ಲ. ಕೊಡಗಿನ ಕಾಫಿ ಕೊಯ್ಲಿಗೋ, ತಿರುಪ್ಪೂರಿನ ಗಾರ್ಮೆಂಟ್ಸ್‌ಗೋ ಗಂಡ-ಹೆಂಡಿರು ಗಂಟುಮೂಟೆ ಕಟ್ಟುತ್ತಾರೆ. ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾಗುವ ಆ ತಿಂಗಳುಗಳಲ್ಲಿ ಎರಡೂ ಕಡೆ ಅಪ್ಪ-ಅಮ್ಮನ ಜಾಗ ಖಾಲಿ.

ಇದು ಈ ಸೀಮೆಯೊಂದರ ಕಥೆಯಲ್ಲ. ಚೀನಾದ ಹಳ್ಳಿಗಳಲ್ಲಿ ಹೀಗೆ ಹಿಂದುಳಿದ ಮಕ್ಕಳ ಸಂಖ್ಯೆ 6 ಕೋಟಿಗೂ ಹೆಚ್ಚೆಂದು 2010ರ ಜನಗಣತಿಯ ಆಧಾರದ ಮೇಲೆ ಅಂದಾಜಿಸಲಾಗಿತ್ತು. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2018ರಲ್ಲಿ 111 ಅಧ್ಯಯನಗಳ ಒಟ್ಟು ಪರಿಶೀಲನೆಯನ್ನು ಪ್ರಕಟಿಸಿತು. ಅವುಗಳಲ್ಲಿ ಹೆಚ್ಚಿನವು ಚೀನಾದವು. ತಂದೆ-ತಾಯಿ ದುಡಿಮೆಗೆಂದು ದೂರ ಹೋದ ಮಕ್ಕಳಲ್ಲಿ ಖಿನ್ನತೆ, ಆತಂಕ ಹೆಚ್ಚು; ವಲಸೆಯಿಂದ ಅವರ ಆರೋಗ್ಯಕ್ಕೆ ಒಳಿತಾದ ಪುರಾವೆ ಇಲ್ಲ ಎಂಬುದು ಅದರ ಸಾರ. ದುಡ್ಡು ಬಂದರೂ ಮನಸ್ಸಿನ ಕೊರತೆ ತುಂಬುವುದಿಲ್ಲ.

ಹಾಗಾದರೆ ಹರೆಯದ ಮನಸ್ಸನ್ನು ಹಿಡಿದು ನಿಲ್ಲಿಸುವುದು ಯಾವುದು? ಪಕ್ಕದ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ಇದಕ್ಕೊಂದು ಉತ್ತರ ಕೊಡುತ್ತದೆ. ಇಲ್ಲಿನ ಸೋಲಿಗರಿಗೆ ಜೇನು, ನೆಲ್ಲಿಕಾಯಿಯೇ ಜೀವನಾಧಾರ. ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೆ 2006ರಲ್ಲಿ ನಿಷೇಧ ಬಿದ್ದಾಗ ಹಲವರು ಕೂಲಿ ಅರಸಿ ಹೊರಗೆ ಹೋಗಬೇಕಾಯಿತು. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತಾಗ ಕಾಡಿನ ದುಡಿಮೆಯ ದಾರಿ ಮತ್ತೆ ತೆರೆಯಿತು. ಮನೆಯ ಹತ್ತಿರವೇ ಅನ್ನವಿದ್ದರೆ ತಾಯಿ-ತಂದೆಯೂ ಹತ್ತಿರವಿರುತ್ತಾರೆ. ಇನ್ನು 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಇರುವುದು ಬೆಟ್ಟದ ಮೇಲೆಯೇ. ಓದಲು ಬಂದ ಮಗು ತನ್ನ ಪೋಡನ್ನೂ, ಗೊರುಕಾನದ ಹಾಡು-ಕುಣಿತವನ್ನೂ ಬಿಟ್ಟು ಬಹುದೂರ ಹೋಗಬೇಕಿಲ್ಲ.

ಕೊಳ್ಳೇಗಾಲ ಪಟ್ಟಣದ ರೇಷ್ಮೆ ನೇಕಾರರ ಮನೆಗಳಲ್ಲಿ ದುಡಿಮೆ ಮನೆಯೊಳಗೇ. ಮಗ್ಗದ ಸದ್ದಿನಿಂದ ಓದಿಗೆ ತೊಂದರೆ ನಿಜ. ಆದರೆ ಮಗಳು ಸಪ್ಪೆ ಮುಖ ಹೊತ್ತು ಬಂದರೆ ಲಾಳಿ ನಿಲ್ಲಿಸಿ ‘ಏನಾಯ್ತು?’ ಎನ್ನಲು ಒಬ್ಬರಿದ್ದಾರೆ. ಎದುರಿಗಿದ್ದೂ ಅಂಕದ ಮಾತನ್ನಷ್ಟೇ ಆಡುವ ತಂದೆ-ತಾಯಿ ಮಾತ್ರ ಕೊಡಗಿನಲ್ಲಿರುವವರಷ್ಟೇ ದೂರ.

ವಲಸೆ ಯಾರೂ ಬಯಸಿ ಹೋಗುವುದಲ್ಲ. ಹೋಗಬೇಡಿ ಎನ್ನುವುದು ಸುಲಭ. ಹೋಗುವ ಮುನ್ನ ಮಾಡಬಹುದಾದ ಕೆಲಸಗಳಿವೆ. ಮಕ್ಕಳ ಕಷ್ಟ-ಸುಖ ಕೇಳಲು ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಹೆಸರು ಹಿಡಿದು ಗೊತ್ತು ಮಾಡುವುದು, ಶಾಲೆಯ ಮೇಷ್ಟರಿಗೆ ತಿಳಿಸುವುದು, ದಿನವೂ ಒಂದೇ ಹೊತ್ತಿಗೆ ಫೋನು ಮಾಡುವುದು, ಮನೆಯ ಹೊರೆಯನ್ನೆಲ್ಲ ದೊಡ್ಡ ಮಗಳ ತಲೆಗೆ ಕಟ್ಟದಿರುವುದು. ವಿದ್ಯಾರ್ಥಿಗಳೂ ಅಷ್ಟೆ: ನಿದ್ದೆಗೆಟ್ಟು, ಅನ್ನ ಸೇರದೆ ದಿನಗಳು ಕಳೆಯುತ್ತಿದ್ದರೆ ಒಬ್ಬರ ಮುಂದಾದರೂ ಬಾಯಿ ಬಿಡಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಧೊಂಡೆನ್‌ಲಿಂಗ್‌ನ ಅಜ್ಜಿಗೂ ಹನೂರಿನ ಅಜ್ಜಿಗೂ ಬೀಜಗಣಿತ ಬಾರದಿರಬಹುದು. ಸಂಜೆ ದೀಪ ಹಚ್ಚಿ, ‘ಉಂಡೆಯಾ ಮಗಾ?’ ಎಂದು ಕೇಳಲು ಅದು ಬೇಕಾಗಿಯೂ ಇಲ್ಲ.