ಹಾಜರಿ ಪುಸ್ತಕದಲ್ಲಿರುವ ಹೆಸರು

ತಾಳಗುಂದ ಇರುವುದು ನಮ್ಮ ಶಿಕಾರಿಪುರ ತಾಲೂಕಿನಲ್ಲೇ. ಅಲ್ಲಿನ ಕಲ್ಲುಕಂಬ ಹೇಳುವ ಕಥೆ ಈ ಕಡೆಯ ಶಾಲೆಮಕ್ಕಳಿಗೆ ಬಾಯಿಪಾಠ. ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋದ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಅವಮಾನಪಟ್ಟ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ಕದಂಬರ ರಾಜ್ಯ ಹುಟ್ಟಿತು. ಓದಲು ಹೋದವನ ಸಿಟ್ಟನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಕೇರಿಯ ಮಗು ಶಾಲೆಯಲ್ಲಿ ಅವಮಾನಪಟ್ಟರೆ ಏನಾಗುತ್ತದೆ? ದನ ಕಾಯಲು ಹೋಗುತ್ತದೆ, ಶುಂಠಿ ಕೀಳಲು ಹೋಗುತ್ತದೆ. ‘ಶಾಲೆ ಬಿಟ್ಟ ಮಗು’ ಎಂದು ಬರೆದುಕೊಳ್ಳುತ್ತಾರೆ. ಬಿಟ್ಟದ್ದೋ ಬಿಡಿಸಿದ್ದೋ ಯಾರೂ ಕೇಳುವುದಿಲ್ಲ.

ಶಿಕಾರಿಪುರದಿಂದ ಸೊರಬದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ. ಊರ ಹೆಸರು ಬೇಡ, ಹುಡುಗಿ ಇನ್ನೂ ಅಲ್ಲೇ ಓದುತ್ತಿದ್ದಾಳೆ. ಐದನೇ ಕ್ಲಾಸು. ಮೇಷ್ಟ್ರು ಹಾಜರಿ ಕೂಗುವಾಗ ಎಲ್ಲರಿಗೂ ಹೆಸರಿದೆ, ಇವಳ ಸರದಿ ಬಂದರೆ ಮಾತ್ರ ‘ಏ ಕೇರಿ’. ಕ್ಲಾಸು ಗೊಳ್ಳೆಂದು ನಗುತ್ತದೆ. ಲೆಕ್ಕ ತಪ್ಪಿದರೆ ‘ಸ್ಕಾಲರ್‌ಶಿಪ್ಪಿಗೆ ಮಾತ್ರ ಮುಂದೆ ಬರ್ತೀರಿ.’ ಲೆಕ್ಕ ಸರಿಯಾದರೆ ‘ಯಾರದ್ದು ನೋಡಿ ಬರೆದೆ?’ ಕೋಲು ಮುಟ್ಟಿದವರಲ್ಲ, ಜಾಣರು. ಬಾಸುಂಡೆ ತೋರಿಸಿ ನ್ಯಾಯ ಕೇಳುವಂತಿಲ್ಲ.

ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತಿದ್ದಳು. ಒಂದು ದಿನ ಅವರವ್ವ ಹೊಸ ನೋಟ್‌ಬುಕ್ ನೋಡಿದರೆ ಹೆಸರು ಬರೆಯುವ ಜಾಗ ಖಾಲಿ. ‘ಯಾಕೆ ಬರೆದಿಲ್ಲವ್ವ?’ ಅಂದಿದ್ದಕ್ಕೆ, ‘ಅದನ್ನ ಯಾರೂ ಕರಿಯಲ್ಲ’ ಅಂದಳಂತೆ.

ಆ ಸಂಜೆ ಕೇರಿಯಲ್ಲಿ ಕೂತೆವು. ಹಿರಿಯರೊಬ್ಬರು ‘ಹೋಗ್ಲಿ ಬಿಡ್ರಪ್ಪ, ನಾಳೆ ಮಗೀಗೆ ಮಾರ್ಕ್ಸ್ ಕಡಿತಾರೆ’ ಅಂದರು. ಇನ್ನೊಬ್ಬರು ಟೀಸಿ ತಗೊಂಡು ಬೇರೆ ಶಾಲೆಗೆ ಹಾಕೋಣ ಅಂದರು. ಈ ಭಯವನ್ನು ನಾವು ಹೀಗಳೆಯುವುದಿಲ್ಲ. 1986ರ ಮಾರ್ಚಿಯಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಬೇಡವೆಂದು ಹೇಳಹೋದ ಸಂಘಟನೆಯವರಿಗೂ ಪೊಲೀಸರಿಗೂ ಬಿದ್ದ ಏಟುಗಳನ್ನು ಈ ಕಡೆಯ ಜನ ಮರೆತಿಲ್ಲ. ಆದರೆ ಟೀಸಿ ತೆಗೆದುಕೊಳ್ಳಬೇಕಾದವರು ಯಾರು? ಅಂದವರು ಕುರ್ಚಿಯಲ್ಲೇ ಇರಬೇಕು, ಅನ್ನಿಸಿಕೊಂಡವಳು ಶಾಲೆ ಬದಲಿಸಬೇಕು, ಇದು ಯಾವ ಊರಿನ ನ್ಯಾಯ?

1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಮಹಾರ ಹುಡುಗನೊಬ್ಬ ಅರ್ಜಿ ಹಾಕಿಕೊಂಡ. ಶಾಲೆ ಒಲ್ಲೆನೆಂದಿತು. ಮುಂಬಯಿ ಸರ್ಕಾರವೂ ಅವನೊಬ್ಬನಿಗಾಗಿ ಉಳಿದವರನ್ನು ಎದುರುಹಾಕಿಕೊಳ್ಳಲಿಲ್ಲ. ಆ ಹುಡುಗನನ್ನು ಬಾಗಿಲಲ್ಲೇ ತಡೆದರು. ನಮ್ಮ ಹುಡುಗಿ ಬಾಗಿಲು ದಾಟಿ ಒಳಗೆ ಕೂತಿದ್ದಾಳೆ, ಅಂದು ಬಾಗಿಲು ಮಾಡಿದ ಕೆಲಸವನ್ನು ಈಗ ನಾಲಿಗೆ ಮಾಡುತ್ತಿದೆ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ್ದು ವಿಡಿಯೋದಿಂದ ಹೊರಬಿತ್ತು, ಪ್ರಾಂಶುಪಾಲರ ಬಂಧನವೂ ಆಯಿತು. ಗುಂಡಿಗೆ ಇಳಿಸಿದ್ದು ಕಣ್ಣಿಗೆ ಕಾಣುತ್ತದೆ. ‘ಏ ಕೇರಿ’ ಎಂಬುದರ ವಿಡಿಯೋ ಯಾರು ಹಿಡಿಯುತ್ತಾರೆ?

ಹಾಗಾಗಿ ಕಾಗದದಲ್ಲಿ ಹಿಡಿದೆವು. ಯಾವ ದಿನ, ಯಾವ ಮಾತು, ಯಾರ ಎದುರಿಗೆ, ಎಲ್ಲ ಬರೆದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹತ್ತು ಜನರೆದುರು ಜಾತಿ ಹೆಸರು ಹಿಡಿದು ಬೈಯುವುದು ಅಪರಾಧವೆಂದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಬಿಡಿಸಿ ಹೇಳಿದೆ. ಅವೆರಡನ್ನೂ ಅರ್ಜಿಯಲ್ಲಿ ಸೇರಿಸಿದೆವು. ಹುಡುಗಿಯನ್ನು ಮಾತ್ರ ಕರೆದೊಯ್ಯಲಿಲ್ಲ. ಅವಳನ್ನು ಅವರೆದುರು ನಿಲ್ಲಿಸಿ ‘ಹೇಳು’ ಎನ್ನುವುದು ಇನ್ನೊಂದು ಹಿಂಸೆ.

ಏಳು ಜನ ಹೋದೆವು. ಹೆಡ್‌ಮಾಸ್ಟರು ‘ಇಲ್ಲೇ ಬಗೆಹರಿಸೋಣ, ದೊಡ್ಡದು ಮಾಡಬೇಡಿ’ ಅಂದರು. ಆ ಮೇಷ್ಟ್ರು ನಗುತ್ತಲೇ ‘ನಾನು ಪ್ರೀತಿಯಿಂದ ಕರೆದದ್ದು’ ಅಂದರು. ಹುಡುಗಿಯ ಅವ್ವ ಅಲ್ಲಿಯವರೆಗೂ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತಿದ್ದವರು, ಒಳಗೆ ಬಂದರು.

‘ಸಾರ್, ಆ ಪ್ರೀತಿ ಬ್ಯಾರೆ ಮಕ್ಳ ಮ್ಯಾಲೆ ಯಾಕಿಲ್ಲ?’

ಯಾರೂ ಮಾತಾಡಲಿಲ್ಲ. ಆಯಮ್ಮನೇ ಮುಂದುವರಿದು ‘ಹಾಜರಿ ಪುಸ್ತಕ ತರಿಸ್ರಿ’ ಅಂದರು. ಓದು ಬಾರದವರು. ‘ನನ್ ಮಗಳು ಎಲ್ಲೈತೆ ತೋರ್ಸಿ, ಗಟ್ಟಿಯಾಗಿ ಓದಿ.’ ಹೆಡ್‌ಮಾಸ್ಟರು ಬೆರಳಿಟ್ಟು ಹುಡುಗಿಯ ಹೆಸರು ಓದಿದರು. ‘ಅದನ್ನ ಕೂಗ್ರಿ ಸಾರ್, ಸಾಕು. ಬ್ಯಾರೆ ಏನೂ ಕೇಳಲ್ಲ.’

ನಾವು ಮಾತ್ರ ಬೇರೆಯದನ್ನೂ ಕೇಳಿದೆವು: ಅರ್ಜಿ ತೆಗೆದುಕೊಂಡಿದ್ದಕ್ಕೆ ಸಹಿ ಮತ್ತು ಮೊಹರು. ಮೊಹರು ಹುಡುಕಲು ಅರ್ಧ ಗಂಟೆ ಹಿಡಿಯಿತು. ಕಾದೆವು. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಯ ಆಫೀಸಿಗೆ ಹೋಯಿತು. ವಿಚಾರಣೆ ನಡೆಯಿತು, ಮೇಷ್ಟ್ರಿಗೆ ನೋಟಿಸು ಬಂತು. ಅಷ್ಟೇ.

ಇದನ್ನು ಓದುವ ಮೇಷ್ಟ್ರುಗಳು ತಮ್ಮನ್ನೇ ಬೈದರೆಂದು ತಿಳಿಯಬಾರದು. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪನವರೂ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರೇ. ನಾವು ಕೇಳುವುದು ಪಕ್ಕದ ಕೋಣೆಯವರನ್ನು. ಆ ಗೊಳ್ಳೆಂಬ ನಗು ಗೋಡೆಯಾಚೆಗೆ ಕೇಳಿಸುತ್ತಿರಲಿಲ್ಲವೇ?

ಈಗ ಹುಡುಗಿಯ ಹೆಸರು ಕೂಗುತ್ತಾರೆ, ತಲೆ ಎತ್ತದೆ. ಪ್ರಶ್ನೆ ಕೇಳುವುದಿಲ್ಲ. ಕೈಯೆತ್ತಿದರೂ ಕಾಣದವರಂತೆ ಮುಂದೆ ಹೋಗುತ್ತಾರೆ. ಆಟದ ಬಯಲಲ್ಲಿ ಇಬ್ಬರು ಹುಡುಗರು ಮೇಷ್ಟ್ರು ಕಲಿಸಿದ ಮಾತನ್ನು ಇನ್ನೂ ಬಿಟ್ಟಿಲ್ಲ. ಬರುವ ಎಸ್‌ಡಿಎಂಸಿ ಸಭೆಯಲ್ಲಿ ಈ ಎರಡನ್ನೂ ಎತ್ತುತ್ತೇವೆ. ಅವರವ್ವ ಈಗಲೇ ಹೇಳಿಟ್ಟಿದ್ದಾರೆ, ಅವತ್ತಿನ ಕೂಲಿ ಬಿಟ್ಟಾದರೂ ಬರುತ್ತಾರಂತೆ.